ಜ್ವರಕ್ಕೆ ಕೂತ ಹುಡುಗಿಯರು

ಹಾಸ್ಟೆಲಿನಿಂದ ಮೊದಲು ಹೋದದ್ದು ಮಂಚಗಳು. ಅವುಗಳ ಹಿಂದೆಯೇ ಇನ್ನೇನು ಹೋಯಿತೆಂದು ಹುಡುಗಿಯರಿಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಲಾರಿ ಬಂದು ನಿಂತ ದಿನ ಅವರೇ ಮಂಚದ ಕಾಲು ಹಿಡಿದು, ನಗುನಗುತ್ತ, ಮೂರು ಅಂತಸ್ತು ಕೆಳಗಿಳಿಸಿಕೊಟ್ಟಿದ್ದರು. ಒಬ್ಬಳು ಎದ್ದ ಮಂಚಕ್ಕೆ ಇನ್ನೊಬ್ಬಳು, ಅವಳು ಎದ್ದ ಮೇಲೆ ಮತ್ತೊಬ್ಬಳು ಎಂದಾದ ಮೇಲೆ ತಲೆಗೊಂದು ಮಂಚ ಯಾಕೆ ಬೇಕು? ಖಾಲಿಯಾದ ಕೋಣೆಗಳಿಗೆ ಮೇಜು ಬಂದವು, ಮೇಜಿನ ಮೇಲೆ ಕಂಪ್ಯೂಟರು ಬಂದವು. ಒಂದು ಇಟ್ಟಿಗೆಯನ್ನೂ ಇಡದೆ ಬಡ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂರು ಪಟ್ಟು ಜಾಗ ಮಾಡಿದ್ದೇವೆಂದು ವಿಶ್ವವಿದ್ಯಾಲಯ ಗೇಟಿನ ಬಳಿ ಫಲಕ ನೆಟ್ಟಿತು. ಫಲಕದ ಮೇಲೆ ಯೋಜನೆಯ ಹೆಸರು ಹೊಳೆಯುತ್ತಿತ್ತು: ಸಮಯಸಿರಿ.

ಸಮಯಸಿರಿ ಎಂದರೆ ಹಣೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಪಟ್ಟಿ. ಮನುಷ್ಯ ಗಾಢವಾಗಿ ನಿದ್ದೆ ಹೋದಾಗ ಮೆದುಳು ನಿಧಾನವಾದ ಒಂದು ತಾಳ ಹಿಡಿಯುತ್ತದೆ. ಆ ತಾಳಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಹೊರಳಾಡಿ, ಆಕಳಿಸಿ, ದಿಂಬು ಮಗುಚಿ ಹಾಕಿ ಬಹಳ ಹೊತ್ತು ಬೇಕು. ಪಟ್ಟಿಯೊಳಗಿನ ಲೋಹದ ಚುಕ್ಕೆಗಳು ಅದೇ ತಾಳವನ್ನು ಹೊರಗಿನಿಂದ ಸಣ್ಣ ವಿದ್ಯುತ್ತಾಗಿ ಬಾರಿಸುತ್ತವೆ. ಮೆದುಳು ಕುಣಿತಕ್ಕೆ ಎಳೆದ ಕೂಸಿನಂತೆ ಅದರ ಹಿಂದೆಯೇ ಹೋಗುತ್ತದೆ. ಕಣ್ಣು ಮುಚ್ಚಿದ ಎರಡೇ ನಿಮಿಷಕ್ಕೆ ಬಾವಿಯ ತಳದಷ್ಟು ಆಳದ ನಿದ್ದೆ. ಅರ್ಧ ಗಂಟೆಯಂತೆ ದಿನಕ್ಕೆ ನಾಲ್ಕು ಸಲ ಮಲಗಿದರೆ ಸಾಕು. ಫೋನು ಕೂಗಿ ಮಲಗಿಸುತ್ತದೆ, ಫೋನು ಕೂಗಿ ಎಬ್ಬಿಸುತ್ತದೆ. ರಾತ್ರಿ ಎಂಬುದು ಬರೀ ಬೆಳಕಿನ ಲೆಕ್ಕ.

ಪಟ್ಟಿಗೆ ಮೊದಲು ಹಣೆಯೊಡ್ಡಿದವರಲ್ಲಿ ರಾಜಮಣಿ ಒಬ್ಬಳು. ಕನಕಪುರದ ಕಡೆಯ ಕೆಬ್ಬೆದೊಡ್ಡಿಯಿಂದ ಪದವಿ ಓದಲು ಬಂದ ಮೊದಲ ಹುಡುಗಿ ಅವಳು. ದಡ್ಡಿಯೇನಲ್ಲ. ಉಳ್ಳವರ ಮಕ್ಕಳಿಗೆ ಮನೆಪಾಠವಿದೆ, ಅಪ್ಪನ ಕಪಾಟಿನಲ್ಲಿ ಪುಸ್ತಕವಿದೆ, ಎಡವಿದರೆ ಹಿಡಿಯುವ ಮಾವಂದಿರಿದ್ದಾರೆ. ತನ್ನಂಥವಳಿಗೆ ಇರುವುದು ಹೊತ್ತೊಂದೇ, ಅದೂ ಸಾಲುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತನ್ನು ಯಾರೋ ಬೊಗಸೆ ತುಂಬಿ ಕೊಡುತ್ತೇನೆಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆಯೇ? ಮೊದಲ ತಿಂಗಳುಗಳಲ್ಲಿ ಅವಳು ನಿಜವಾಗಿಯೂ ಕೃತಜ್ಞಳಾಗಿದ್ದಳು. ಪ್ರಾಣಿಶಾಸ್ತ್ರದ ದಪ್ಪ ಪುಸ್ತಕಗಳು ಮುಗಿದವು, ಇಂಗ್ಲಿಷು ನಾಲಿಗೆಗೆ ಒಗ್ಗಿತು, ಅಂಕ ಏರಿತು.

ದಿನಕ್ಕೆ ನಾಲ್ಕು ನಿದ್ದೆ ಎಂದು ಕೇಳಿದಾಗ ಅವಳಿಗೆ ನಗುವೂ ಬಂದಿತ್ತು. ಅವಳ ಅವ್ವ ಹೊಂಬಾಳಮ್ಮ ರೇಷ್ಮೆಹುಳು ಸಾಕುವವಳು. ರೇಷ್ಮೆಹುಳು ತನ್ನ ತಿಂಗಳೂ ತುಂಬದ ಬದುಕಿನಲ್ಲಿ ನಾಲ್ಕು ಸಲ ಮಲಗುತ್ತದೆ. ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ನಿಂತು, ಹಳೆಯ ಚರ್ಮ ಕಳಚಿ ಏಳುತ್ತದೆ. ಹುಳುವಿನ ಆ ನಿದ್ದೆಗೆ ಆ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ತಟ್ಟೆಯನ್ನು ಯಾರೂ ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ಹತ್ತಿರ ನಿಂತು ಕೂಗುವಂತಿಲ್ಲ. ಕದಲಿಸಿದರೆ ಹುಳು ಚರ್ಮದೊಳಗೇ ಸಿಕ್ಕಿ ಸಾಯುತ್ತದೆ.

"ನಾವೂ ಹುಳಾನೇ ಆದ್ವಲ್ಲೇ," ಎಂದಿದ್ದಳು ಶಾಹಿದಾ. ತುಮಕೂರಿನ ಆಟೋ ಚಾಲಕರ ಮಗಳು, ರಾಜಮಣಿಯ ಕೋಣೆಯ ಗೆಳತಿ. "ನೂಲು ತೆಗೆಯೋರು ಯಾರು ಅಂತ ಮಾತ್ರ ಕೇಳ್ಬೇಡ."

ನೂಲು ತೆಗೆಯುವವರು ಬೇಗನೆ ಬಂದರು. ಉಳಿದ ಹೊತ್ತಿನಲ್ಲಿ ಒಂದಷ್ಟನ್ನು ಪಟ್ಟಿ ಕಟ್ಟಿಕೊಂಡವರು 'ಸೇವಾ ಅವಧಿ'ಯಾಗಿ ಹಿಂತಿರುಗಿಸಬೇಕು ಎಂದು ಪಟ್ಟಿ ಬಂದ ಎರಡನೆಯ ಸೆಮಿಸ್ಟರಿನಲ್ಲಿ ನಿಯಮ ಬಂತು. ಮಂಚವಿದ್ದ ಕೋಣೆಗಳಲ್ಲಿ ಕೂತು ಯಾವ್ಯಾವುದೋ ಕಂಪನಿಗಳ ಗಿರಾಕಿಗಳ ಬೈಗುಳಕ್ಕೆ "ಕ್ಷಮಿಸಿ ಸರ್" ಎನ್ನುವ ಕೆಲಸ. ಫೋನು ಕೂಗಿದಂತೆ ಮಲಗಿ ಏಳದೆ ಸತತ ಎರಡು ನಿದ್ದೆ ತಪ್ಪಿಸಿದರೆ ಹಾಸ್ಟೆಲಿನ ಸೀಟು ಹೋಯಿತು. ರಸ್ತೆಯಾಚೆಗಿನ ಹಣ ಕಟ್ಟುವ ಹಾಸ್ಟೆಲಿಗೆ ಪಟ್ಟಿಯೂ ಬರಲಿಲ್ಲ, ಲಾರಿಯೂ ಬರಲಿಲ್ಲ. ಅಲ್ಲಿಯ ಹುಡುಗಿಯರು ಬಿಸಿಲೇರಿದ ಮೇಲೆ ಬಾಲ್ಕನಿಯಲ್ಲಿ ಮೈಮುರಿಯುತ್ತಿದ್ದರು. ನಿದ್ದೆ ಯಾರ ಆಸ್ತಿ ಎಂಬುದನ್ನು ಒಂದು ಡಾಂಬರು ರಸ್ತೆ ತೀರ್ಮಾನಿಸಿತ್ತು.

*

ಹಾಸ್ಟೆಲಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಭಾನುವಾರಗಳಂದು ಓದುಬಳಗ ಸೇರುತ್ತಿತ್ತು. ಹಿರಿಯ ಹುಡುಗಿಯರು ಬಿಟ್ಟುಹೋದ ಪದ್ಧತಿ. ಒಬ್ಬಳು ಓದಬೇಕು, ಮಿಕ್ಕವರು ಜಗಳವಾಡಬೇಕು. ಜಗಳ ಮುಗಿದ ಮೇಲೆ ಮಂಡಕ್ಕಿ ತಿನ್ನಬೇಕು. ಪಟ್ಟಿ ಬಂದ ಮೇಲೆ ಬಳಗ ಹಿಂದೆಂದಿಗಿಂತ ಹೆಚ್ಚು ಪುಸ್ತಕ ಓದಿತು. ಆದರೆ ಮಂಡಕ್ಕಿ ಹಾಗೇ ಉಳಿಯತೊಡಗಿತು.

ಆ ಭಾನುವಾರ ಶಾಹಿದಾ ಏನೋ ತಮಾಷೆ ಮಾಡಿದಳು. ರಾಜಮಣಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

"ಯಾಕೆ ಹಾಗೆ ಗುರಾಯಿಸ್ತೀಯ ನನ್ನ?"

"ಗುರಾಯಿಸ್ತಿದ್ದೀನಾ? ನಗ್ತಿದ್ದೀನಿ ಕಣೇ, ಹಲ್ಲು ನೋಡು!"

"ನಿನ್ನ ನಗು ನಂಗೊತ್ತು. ಆಡಿಕೊಳ್ಳೋ ನಗು."

"ಅರೆ, ಒಳ್ಳೆ ಕತೆ ಆಯ್ತಲ್ಲ. ಹೋದ ವಾರ ನಾನು ನಿನ್ನ ಮೇಲೆ ಇದೇ ಮಾತಿಗೆ ರೇಗಿದ್ದೆ. ಏನಾಗಿದೆ ಹೇಳು ನಮಗೆಲ್ಲ?"

ಎಲ್ಲರ ಮುಖವೂ ಎಲ್ಲರಿಗೂ ಸಿಟ್ಟಾದಂತೆ ಕಾಣುತ್ತಿತ್ತು. ಯಾರೋ ಕೊಟ್ಟ ಚಹಾ ಯಾರೋ ಕೊಟ್ಟದ್ದೆಂದು ಅನಿಸುತ್ತಿರಲಿಲ್ಲ; ಲೋಟ ತಾನಾಗಿ ಬಂದಂತಿರುತ್ತಿತ್ತು. ರಾಜಮಣಿಗೆ ಇನ್ನೊಂದು ಸಂಗತಿ ಒಳಗೇ ಕೊರೆಯುತ್ತಿತ್ತು, ಅದನ್ನು ಶಾಹಿದಾಗೂ ಹೇಳಿರಲಿಲ್ಲ. ಅವಳಪ್ಪ ಬರುವುದನ್ನು ನಿಲ್ಲಿಸಿದ್ದ.

ಅಪ್ಪ ಕಲ್ಲುಕ್ವಾರಿಯ ಸಿಡಿತಕ್ಕೆ ಸಿಕ್ಕು ಸತ್ತಾಗ ಅವಳಿನ್ನೂ ಚಿಕ್ಕವಳು. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಫೋಟೋ ಇಲ್ಲದ ಮನೆಗಳಲ್ಲಿ ಸತ್ತವರು ಬಂದುಹೋಗಲು ಇರುವುದು ಕನಸಿನ ದಾರಿಯೊಂದೇ. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿದ ಸೈಕಲ್ಲು ತಳ್ಳಿಕೊಂಡು ಬಂದು, ಬೆಲ್ಲು ಬಾರಿಸಿ, "ಬಂದ್ಯಾ ಮಗ?" ಎನ್ನುತ್ತಿದ್ದ. ಬಂದವನು ತಾನು, ಕೇಳುವುದು ಮಗಳನ್ನು! ಪಟ್ಟಿ ಕಟ್ಟಿದಂದಿನಿಂದ ಆ ಬೆಲ್ಲು ಕೇಳಿರಲಿಲ್ಲ. ಈಗ ಅವನ ಮುಖ ನೆನೆಸಿಕೊಳ್ಳಲು ಹೋದರೆ ಮೂಗು ಸಿಕ್ಕರೆ ಕಣ್ಣು ಸಿಗುತ್ತಿರಲಿಲ್ಲ.

*

ತಿಂಗಳಿಗೊಮ್ಮೆ ಪಟ್ಟಿಯ ತಪಾಸಣೆ. ನಿಯಂತ್ರಣ ಕೊಠಡಿ ಎಂದರೆ ಗೋಡೆ ತುಂಬ ಪರದೆ, ಪರದೆ ತುಂಬ ಅಲೆ. ಒಂದೊಂದು ಅಲೆಯೂ ಒಬ್ಬೊಬ್ಬ ಹುಡುಗಿ. ಅಲ್ಲಿ ಕೂರುತ್ತಿದ್ದ ಡಾಕ್ಟರ್ ಅನಸೂಯ ಪಟ್ಟಿಯನ್ನು ಕಂಡುಹಿಡಿದವರು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ನಿದ್ದೆಯನ್ನೇ ಕಳೆದುಕೊಂಡ ರೋಗಿಗಳಿಗೆಂದು ಅವರು ಅದನ್ನು ಮಾಡಿದ್ದರು. ಅದನ್ನು ಕಂಪನಿಯೊಂದು ಕೊಂಡು, ನಿದ್ದೆ ಚೆನ್ನಾಗಿ ಬರುತ್ತಿದ್ದ ಬಡ ಹುಡುಗಿಯರ ಹಣೆಗೆ ಕಟ್ಟಿತ್ತು.

ಅನಸೂಯ ರಾಜಮಣಿಯ ಪಟ್ಟಿಯ ಚುಕ್ಕೆ ಒರೆಸುತ್ತ ಮೆಲ್ಲಗೆ ಕೇಳಿದರು, "ಕನಸು ಬೀಳ್ತದೇನಮ್ಮ?"

"ಇಲ್ಲ ಮೇಡಂ."

"ಒಂದೂ?"

"ಡಾಕ್ಟರೇ, ಪ್ರಶ್ನಾವಳಿಯಲ್ಲಿ ಇಲ್ಲದ್ದು ಕೇಳೋ ಹಾಗಿಲ್ಲ," ಎಂದರು ಹಿಂದೆ ನಿಂತಿದ್ದ ಮೋಹನಚಂದ್ರ. ಕಂಪನಿಯ ಪರವಾಗಿ ಯೋಜನೆ ನಡೆಸುವವರು. ಯಾವಾಗಲೂ ಇಸ್ತ್ರಿಯಾದ ಅಂಗಿ, ಇಸ್ತ್ರಿಯಾದ ದನಿ. "ಕನಸು ಬಿದ್ರೆಷ್ಟು ಬಿಟ್ರೆಷ್ಟು? ಅಂಕ ನೋಡಿ, ಎಷ್ಟು ಚೆಂದ ಏರಿದೆ."

"ಪಟ್ಟಿ ಕಟ್ಟಿಕೊಂಡವರು ಒಂದು ರಾತ್ರಿ ಪೂರ್ತಿ ಮಲಗಿದ್ರೆ ಮೆದುಳು ಏನು ಮಾಡ್ತದೆ ಅಂತ ನಾನೊಮ್ಮೆ ನೋಡಬೇಕು. ವರ್ಷದಿಂದ ಕೇಳ್ತಿದ್ದೀನಿ."

"ಪೂರ್ತಿ ಮಲಗಿದ್ರೆ ಸೇವಾ ಅವಧಿ ಯಾರು ಮಾಡ್ತಾರೆ? ಅದಕ್ಕೆ ಒಪ್ಪಂದದಲ್ಲಿ ಜಾಗ ಇಲ್ಲ. ಮುಂದಿನ ತಿಂಗಳು ಯೋಜನೆಯ ಸಮಿತಿ ಸೇರ್ತದೆ, ಅದು ಒಪ್ಪಿದ ಕೂಡಲೇ ಹೈಸ್ಕೂಲು ಹಾಸ್ಟೆಲುಗಳಿಗೂ ಪಟ್ಟಿ ಕೊಡ್ತೀವಿ. ಆ ಕೆಲಸ ನೋಡಿ."

ಹೈಸ್ಕೂಲು ಎಂಬ ಮಾತು ಕೇಳಿದಾಗ ಏನಾದರೂ ಅನಿಸಬೇಕಿತ್ತೆಂದು ರಾಜಮಣಿಗೆ ಗೊತ್ತಾಯಿತು. ಅನಿಸಲಿಲ್ಲ. ಒಳಗೆ ಯಾವುದೋ ತಂತಿ ಬಿಗಿಯಿಲ್ಲದೆ ಜೋಲುತ್ತಿತ್ತು.

*

ಮರುವಾರ ಅವಳು ಊರಿಗೆ ಹೋದಳು. ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಎದ್ದ ಮೇಲೆ ಅವುಗಳ ಹಸಿವು ವಿಪರೀತ, ಸೊಪ್ಪು ಕೊಯ್ಯಲು ಕೈ ಬೇಕಾಗುತ್ತದೆ. ಅವರ ಮನೆಯಲ್ಲಿ ದೊಡ್ಡ ಕೋಣೆ ಹುಳುವಿನದು, ಮನುಷ್ಯರದು ಜಗಲಿ.

"ಬಂದವ್ಳೆ ನೋಡು ಪಟ್ಟಾಭಿಷೇಕ ಮಾಡ್ಕಂಡು," ಎಂದಳು ಹೊಂಬಾಳಮ್ಮ ಹಣೆಯ ಪಟ್ಟಿ ನೋಡಿ. ಮುಖ ಹತ್ತಿರ ತಂದು ದಿಟ್ಟಿಸಿದಳು. "ಯಾಕವ್ವ ಕಣ್ಣು ಹಿಂಗೆ ಗುಳಿ ಬಿದ್ದವೆ? ಉಣ್ಣಾಕಿಕ್ಕಾಕಿಲ್ವಾ ಅಲ್ಲಿ?"

"ಎಲ್ಲ ಇಕ್ಕುತಾರೆ. ಸುಮ್ಕಿರವ್ವ."

"ಸುಮ್ಕೇ ಇವ್ನಿ ಕಣಮ್ಮಿ. ಉಳ ಜ್ವರಕ್ಕೆ ಕುಂತವೆ, ನಾನೇನ್ ತಮಟೆ ಬಾರಿಸಾಕಾಯ್ತದಾ?"

ಮಧ್ಯಾಹ್ನ ಮುದ್ದೆ ಉಂಡು, ಫೋನು ಕೂಗಿದಾಗ ರಾಜಮಣಿ ತಂಪಾಗಿದೆಯೆಂದು ಹುಳುವಿನ ಕೋಣೆಯಲ್ಲೇ ಚಾಪೆ ಹಾಸಿದಳು. ತಟ್ಟೆಗಳ ಮೇಲೆ ಸಾವಿರಾರು ಹುಳುಗಳು ತಲೆಯೆತ್ತಿ, ಯಾರನ್ನೋ ಬೇಡಿಕೊಳ್ಳುವವರಂತೆ ಅಲುಗದೆ ನಿಂತಿದ್ದವು. "ಅರ್ಧ ಗಂಟೆಗೆ ಅದು ಕೂಗ್ತದೆ, ಎದ್ದೇಳ್ತೀನಿ," ಎಂದು ಫೋನನ್ನು ತಲೆಯ ಬಳಿ ಇಟ್ಟು ಕಣ್ಣು ಮುಚ್ಚಿದಳು.

ಅರ್ಧ ಗಂಟೆಗೆ ಅದು ಕೂಗಿತು. ಹೊಂಬಾಳಮ್ಮ ಸೊಪ್ಪು ಬಿಟ್ಟು ಓಡಿಬಂದಳು. ಮಗಳ ರೆಪ್ಪೆ ಕೂಡ ಅದುರಲಿಲ್ಲ. ಎಬ್ಬಿಸಬೇಕೆಂದು ಕೈ ಚಾಚಿದಳು, ಚಾಚಿದ ಕೈ ಅಲ್ಲೇ ನಿಂತಿತು. ಮದುವೆಯಾಗಿ ಬಂದಂದಿನಿಂದ ಆ ಕೋಣೆಯಲ್ಲಿ ಮಲಗಿದ ಯಾವುದನ್ನೂ ಮುಟ್ಟದ ಕೈ ಅದು. ಮಗಳ ಹಣೆಯ ಪಟ್ಟಿಯನ್ನೂ ಮುಟ್ಟಲಿಲ್ಲ, ಹೆಗಲನ್ನೂ ಮುಟ್ಟಲಿಲ್ಲ. ಬಾಯಿ ಬಡಿದುಕೊಳ್ಳುತ್ತಿದ್ದ ಫೋನನ್ನು ಮಾತ್ರ ಸೆರಗಿನಲ್ಲಿ ಹಿಡಿದು ಒಯ್ದು, ಸೊಪ್ಪು ಬಾಡದಿರಲೆಂದು ಹೊದಿಸಿದ್ದ ಒದ್ದೆ ಗೋಣಿಗಳ ಕೆಳಗೆ, ಸೊಪ್ಪಿನ ರಾಶಿಯ ಹೊಟ್ಟೆಯೊಳಕ್ಕೆ ತುರುಕಿದಳು.

*

ರಾಜಮಣಿ ಕಣ್ಣು ಬಿಟ್ಟಾಗ ಕೋಣೆಯಲ್ಲಿ ಸಣ್ಣಗೆ ಚರಚರ ಸದ್ದು. ಹುಳು ಜ್ವರದಿಂದೆದ್ದು ಸೊಪ್ಪು ಮೇಯುತ್ತಿದ್ದವು. ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲು ಎಳೆಯದು.

"ಅವ್ವಾ! ಎಷ್ಟೊತ್ತಾಯ್ತು?"

"ಒತ್ತು ಉಟ್ತು ಕಣವ್ವ. ನಿನ್ನೆ ಮಲಗ್ದೋಳು ಈಗೆದ್ದಿದ್ದೀಯ. ಉಳವೂ ನೀನೂ ಒಟ್ಗೇ ಎದ್ರಿ ನೋಡು."

"ಎಬ್ಬಿಸಬಾರದಾ! ಎಬ್ಬಿಸಬಾರದೇನವ್ವಾ! ಮೂರು ನಿದ್ದೆ ತಪ್ಪೋಯ್ತು! ಸೀಟು ಹೋಯ್ತು! ಮೂರು ವರ್ಷ ಓದಿದ್ದು ಮಣ್ಣುಪಾಲಾಯ್ತು!"

ಹೊಂಬಾಳಮ್ಮನ ಮುಖ ಕಪ್ಪಿಟ್ಟಿತು. "ನಂಗೇನ್ ತಿಳಿದಿತ್ತು ತಾಯಿ... ಮಲಗಿರೋದ್ನ ಎಂಗ್ ಮುಟ್ಲಿ ಅಂದ್ಕಂಡೆ."

ರಾಜಮಣಿ ಬೈಯಲೆಂದೇ ಮುಖವೆತ್ತಿದಳು. ಅವ್ವನ ಮುಖ ಕಂಡಿತು. ಸಿಟ್ಟಿನ ಮುಖವಲ್ಲ, ಹೆದರಿದ ಮುಖ; ರಾತ್ರಿಯೆಲ್ಲ ಕೂತಿದ್ದರಿಂದ ಬಾಡಿ, ಎಡಗೆನ್ನೆಯ ಮೇಲೆ ಸೊಪ್ಪಿನ ಚೂರೊಂದು ಅಂಟಿದ್ದ ಮುಖ. ವರ್ಷದಿಂದ ಅವಳು ಯಾರ ಮುಖವನ್ನೂ ಹೀಗೆ ಕಂಡಿರಲಿಲ್ಲ. ಆಗ ನೆನಪಾಯಿತು: ಸೈಕಲ್ಲು ಬಂದಿತ್ತು. ಸೊಪ್ಪಿನ ಹೊರೆಯ ಹಿಂದಿನಿಂದ ಅಪ್ಪ ತಲೆ ಹಾಕಿ, "ಬಂದ್ಯಾ ಮಗ? ಎಷ್ಟ್ ದಿನ ಆಯ್ತು!" ಎಂದಿದ್ದ. ಮೂಗೂ ಇತ್ತು, ಕಣ್ಣೂ ಇತ್ತು, ಮುಂದಿನ ಮುರುಕು ಹಲ್ಲೂ ಇತ್ತು.

ಅವಳು ಅವ್ವನ ಮಡಿಲಿಗೆ ಬಿದ್ದು ಅತ್ತಳು. ಹೊಂಬಾಳಮ್ಮ ಸೀಟು ಹೋದದ್ದಕ್ಕೆ ಅಳುತ್ತಿದ್ದಾಳೆಂದುಕೊಂಡು, ತಾನೇ ಬಂದು ಆಪೀಸರ ಕಾಲಿಗೆ ಬೀಳುತ್ತೇನೆಂದಳು.

ಜಗಲಿಗೆ ಬಂದಾಗ ಇನ್ನೊಂದು ಕಂಡಿತು. ಪಕ್ಕದ ಮನೆಯ ಚಿಕ್ಕತಾಯಮ್ಮ ತನ್ನ ಸೊಪ್ಪು ಕೊಚ್ಚುವ ಮಣೆಯನ್ನು ಎತ್ತಿಕೊಂಡು ಹೋಗಿ ಕೇರಿಯ ಆ ಕೊನೆಯಲ್ಲಿ ಕೂತಿದ್ದಳು. ಮೇಕೆಯ ಕೊರಳ ಗಂಟೆಗೆ ಯಾರೋ ಬಟ್ಟೆ ತುರುಕಿದ್ದರು.

"ಹಾಲಿನ ವ್ಯಾನಿನೋನು ಆರನ್ ಒಡೀತಾನೆ ಅಂತ ತಿರುವಿಗೇ ಓಗಿ ನಿಂತ್ಕಂಡಿದ್ದೆ ಕಣೇ," ಎಂದು ಚಿಕ್ಕತಾಯಮ್ಮ ದೂರದಿಂದಲೇ ಕೂಗಿದಳು. "ಓದೋ ಕೂಸು ಜ್ವರಕ್ಕೆ ಕುಂತದೆ, ಕಳ್ನಂಗೆ ಓಗೋ ಮೂದೇವಿ ಅಂದೆ. ಎದ್ದೇನವ್ವ? ಎಂಗೈತೆ ಒಸ ಚರ್ಮ?"

ಆ ಸೀಮೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ದಿನ ಒಬ್ಬರ ಮನೆಗೊಬ್ಬರು ಕೆಲಸಕ್ಕೆ ಹೋಗುತ್ತಾರೆ. ನೀನು ನನಗೆ ಬಂದರೆ ನಾಳೆ ನಾನು ನಿನಗೆ. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಇಡೀ ಕೇರಿ ತನ್ನೊಬ್ಬಳ ನಿದ್ದೆಗೆ ಮುಯ್ಯಾಳಾಗಿ ಬಂದಿದೆಯೆಂದು ರಾಜಮಣಿಗೆ ಹೊಳೆದಾಗ ಜೋಲುತ್ತಿದ್ದ ಆ ತಂತಿ ಎದೆಯೊಳಗೆ ಬಿಗಿಯಾಗಿ ಮಿಡಿಯಿತು. ನೋವಾಯಿತು. ಆ ನೋವಿಗೂ ಅವಳು ಕೈಮುಗಿಯುವವಳಂತಿದ್ದಳು.

*

"ಸೀಟು ರದ್ದಾಗಿದೆ. ಪಟ್ಟಿ ಬಿಚ್ಚಿಕೊಟ್ಟು ಹೋಗಿ," ಎಂದರು ನಿಯಂತ್ರಣ ಕೊಠಡಿಯಲ್ಲಿ ಮೋಹನಚಂದ್ರ. ಅವರಿಗೆ ಸಮಿತಿಯ ಸಿದ್ಧತೆಯ ಗಡಿಬಿಡಿ, ಹೇಳಿ ಹೊರಟೇಹೋದರು.

ಅನಸೂಯ ಪಟ್ಟಿ ಬಿಚ್ಚಿದವರು ಅದರ ಅಂಚಿನಲ್ಲಿ ಮಿನುಗುತ್ತಿದ್ದ ದೀಪ ನೋಡಿ ತಡೆದರು. ಫೋನು ಹತ್ತಿರವಿಲ್ಲದಾಗ ಪಟ್ಟಿ ತಾನು ಕಂಡದ್ದನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ. "ಮಲಗಿದ್ದಾಗ ಇದನ್ನ ಯಾರೂ ಬಿಚ್ಚಲಿಲ್ವಾ?"

"ನಮ್ಮವ್ವ ಮುಟ್ಟಲಿಲ್ಲ ಮೇಡಂ. ಮಲಗಿದ್ದನ್ನ ನಾವು ಮುಟ್ಟಲ್ಲ."

ಅನಸೂಯ ಬಾಗಿಲು ಹಾಕಿ ದಾಖಲೆಯನ್ನು ಪರದೆಗೆ ಎಳೆದರು. ಮಧ್ಯಾಹ್ನದಿಂದ ಬೆಳಗಿನವರೆಗೆ ಒಂದೇ ಉದ್ದನೆಯ ಅಲೆ. ಮೊದಲು ಪಟ್ಟಿ ಬಾರಿಸಿದ ನಿಧಾನ ತಾಳ. ಆಮೇಲೆ ಮೆದುಳು ತಾಳವನ್ನು ಕೊಡವಿಕೊಂಡು ಎದ್ದು ಬೇರೆಯೇ ಕುಣಿತಕ್ಕಿಳಿದಿತ್ತು. ಸಣ್ಣ ಸಣ್ಣ ಅಲೆ, ಚುರುಕಾದ ಅಲೆ, ಬೆಳಗಾಗುವತನಕ ಬಿಡದೆ.

"ಇದೆಲ್ಲ ಕನಸು," ಎಂದರು ಅನಸೂಯ. "ನಾವು ಆಳದ ನಿದ್ದೆಯನ್ನಷ್ಟೇ ಕೊಟ್ಟು ಕನಸಿನ ನಿದ್ದೆಯನ್ನ ಕತ್ತರಿಸಿಬಿಟ್ಟಿದ್ದೀವಿ. ದಿನದಲ್ಲಿ ಕಂಡ ಮುಖ, ಕೇಳಿದ ಮಾತು, ಪಟ್ಟ ನೋವು, ಎಲ್ಲವನ್ನೂ ಮೆದುಳು ಹಸನು ಮಾಡೋದು ಅಲ್ಲೇ. ನೋಡು, ಅವಕಾಶ ಸಿಕ್ಕ ಕೂಡಲೇ ಹೇಗೆ ಮುಗಿಬಿದ್ದಿದೆ!"

"ಜ್ವರದಿಂದೆದ್ದ ಹುಳ ಸೊಪ್ಪಿಗೆ ಬೀಳೋ ಹಾಗೆ," ಎಂದಳು ರಾಜಮಣಿ.

"ಆದರೆ ಒಬ್ಬಳದು ಸಾಲಲ್ಲಮ್ಮ. ಆಕಸ್ಮಿಕ ಅಂತ ತಳ್ಳಿಹಾಕ್ತಾರೆ. ನೂರು ಜನರದ್ದು ಬೇಕು. ಸಮಿತಿ ಸೇರೋಕೆ ಮುಂಚೆ ಬೇಕು." ಬಿಚ್ಚಿದ ಪಟ್ಟಿಯನ್ನು ಅವಳ ಕೈಗೇ ಮರಳಿ ಕೊಟ್ಟರು. "ಇದು ಕಳೆದುಹೋಯ್ತು ಅಂತ ಬರೀತೀನಿ. ನಾನು ಮಾಡಿದ್ದು ರೋಗಿಗಳಿಗೆ, ರಾಜಮಣಿ. ನಿಮಗಲ್ಲ. ಮೊದಲೇ ಜೋರಾಗಿ ಹೇಳಬೇಕಿತ್ತು."

*

ತಾರಸಿಯ ಮೇಲೆ ಓದುಬಳಗ ತುಂಬಿತ್ತು. ಉಪವಾಸ ಕೂರೋಣ ಎಂದಳೊಬ್ಬಳು.

"ಹಾಸ್ಟೆಲ್ ಸಾರು ಕುಡ್ಕೊಂಡು ಮೂರು ವರ್ಷದಿಂದ ಉಪವಾಸಾನೇ ಇದ್ದೀವಿ, ಯಾರಿಗೆ ಗೊತ್ತಾಯ್ತು?" ಎಂದಳು ಶಾಹಿದಾ. ಸೀಟು ಹೋದ ಗೆಳತಿಯನ್ನು ಅವಳೇ ಹಿಂಬಾಗಿಲಿನಿಂದ ಒಳಗೆ ತಂದು, ತನ್ನ ಪಾಲಿನ ಅನ್ನದಲ್ಲಿ ಅರ್ಧ ಕೊಡುತ್ತಿದ್ದಳು.

ರಾಜಮಣಿ ಎದ್ದು ನಿಂತಳು. "ಉಪವಾಸ ಬೇಡ. ಮಲಗೋಣ. ಸಮಿತಿಯೋರ ಬಾಗಿಲಲ್ಲೇ, ಹಾಡಹಗಲಲ್ಲೇ. ಅರ್ಧ ಜನ ಮಲಗೋದು, ಅರ್ಧ ಜನ ಕಾಯೋದು. ಅವರೆದ್ದ ಮೇಲೆ ಇವರು. ಮುಯ್ಯಾಳು. ಪಟ್ಟಿ ಹಣೆ ಮೇಲೇ ಇರಲಿ, ಅದೇ ನಮ್ಮ ಸಾಕ್ಷಿ."

"ಎಲ್ಲರ ಸೀಟೂ ಹೋದ್ರೆ?"

"ನನ್ನದಂತೂ ಹೋಗಿದೆ. ಎಲ್ಲರದೂ ತೆಗೆದ್ರೆ ಆ ಫೋನುಗಳಿಗೆ ಕ್ಷಮಿಸಿ ಸರ್ ಅನ್ನೋರು ಯಾರು? ನಮ್ಮನ್ನ ಕಳಿಸೋಕೆ ಅವರ ಕೈಲಾಗಲ್ಲ. ಇಷ್ಟು ದಿನ ಅವರಿಗಾಗಿ ದುಡಿದಿದ್ದೀವಿ, ನಮಗೇ ಗೊತ್ತಾಗದ ಹಾಗೆ."

ಒಬ್ಬೊಬ್ಬಳಾಗಿ ಕೈಯೆತ್ತಿದರು. ಆ ದಿನ ಮಂಡಕ್ಕಿ ಪೂರ್ತಿ ಖಾಲಿಯಾಯಿತು.

*

ಸಮಿತಿ ಸೇರುವ ಬುಧವಾರಕ್ಕೆ ಒಂದು ದಿನ ಮುಂಚೆ, ಮಂಗಳವಾರ ಬೆಳಗ್ಗೆ, ಹಾಸ್ಟೆಲಿನ ಅಷ್ಟೂ ಫೋನುಗಳು ಅಡುಗೆಮನೆಯ ಅಕ್ಕಿ ಡ್ರಮ್ಮಿನೊಳಗೆ ಹೂತುಹೋದವು. ಹುಡುಗಿಯರು ಚಾಪೆ ಸುತ್ತಿಕೊಂಡು ಆಡಳಿತ ಭವನದ ಉದ್ದನೆಯ ಜಗಲಿಗೆ ನಡೆದರು. ಅರ್ಧ ಜನ ಸಾಲಾಗಿ ಮಲಗಿದರು. ಅರ್ಧ ಜನ ಸುತ್ತ ನಿಂತು ದುಪ್ಪಟ್ಟಾ ಕಟ್ಟಿ ನೆರಳು ಮಾಡಿದರು. ಆ ವಿಶ್ವವಿದ್ಯಾಲಯ ಎಷ್ಟೋ ಹೋರಾಟ ಕಂಡಿತ್ತು, ಘೋಷಣೆಯೇ ಇಲ್ಲದ ಹೋರಾಟ ಕಂಡಿರಲಿಲ್ಲ. ಘೋಷಣೆ ಕೂಗಿದರೆ ಸಂಗಾತಿಗಳು ಎದ್ದುಬಿಡುತ್ತಾರಲ್ಲ!

ಮೋಹನಚಂದ್ರ ಕಾರಿನಿಂದ ಇಳಿದವರೇ ಅಬ್ಬರಿಸಿದರು. "ಏನಿದು ನಾಟಕ? ಎಬ್ಬಿಸ್ರೀ ಎಲ್ಲರನ್ನೂ!"

ಕಾಯುತ್ತಿದ್ದ ಅಷ್ಟೂ ಹುಡುಗಿಯರು ಒಟ್ಟಿಗೇ ತುಟಿಯ ಮೇಲೆ ಬೆರಳಿಟ್ಟರು. ಆಶ್ಚರ್ಯವೆಂದರೆ ಅವರ ದನಿ ತಾನಾಗಿ ಇಳಿಯಿತು. ಮಲಗಿದವರೆದುರು ಕೂಗುವುದು ಅಷ್ಟು ಸುಲಭವಲ್ಲ, ಅವರಿಗೂ ತೊಟ್ಟಿಲು ತೂಗಿದ ತಾಯಿಯೊಬ್ಬಳಿದ್ದಳು. "ಇದು... ಕಾನೂನುಬಾಹಿರ," ಎಂದರು ಪಿಸುಮಾತಿನಲ್ಲಿ. "ಎಲ್ಲರ ಸೀಟು..."

"ಮೆತ್ತಗೆ ಸರ್," ಎಂದು ಶಾಹಿದಾ ಅವರ ಕಿವಿಯಲ್ಲೇ ಹೇಳಿದಳು. "ಜ್ವರಕ್ಕೆ ಕೂತವ್ರೆ."

ಅವರು ಕರೆಸಿದ್ದ ಮಹಿಳಾ ಪೊಲೀಸರು ಬಂದರು. ಮುಂದಿದ್ದ ಪೇದೆ ಬೂಟಿನ ಸದ್ದಾದೀತೆಂದು ತುದಿಗಾಲಲ್ಲಿ ನಡೆದು ರಾಜಮಣಿಯ ಬಳಿ ಬಂದಳು. "ಯಾರನ್ನಮ್ಮ ಅರೆಸ್ಟ್ ಮಾಡ್ಲಿ? ಕೂಗಿದೋರಿಲ್ಲ, ಕಲ್ಲೊಗೆದೋರಿಲ್ಲ. ಗೊರಕೆ ಹೊಡೆಯೋದು ಯಾವ ಸೆಕ್ಷನ್ನಿಗೆ ಬರ್ತದೋ ಕಾಣೆ." ಕಂಬಕ್ಕೊರಗಿ ಟೋಪಿ ತೆಗೆದಳು. "ಎರಡು ದಿನದಿಂದ ಡಬಲ್ ಡ್ಯೂಟಿ ನಂಗೆ. ಇನ್ನೊಂದು ಚಾಪೆ ಐತಾ?"

ಚಾಪೆ ಇತ್ತು.

ಸಂಜೆಯಿಳಿದು ಮರುದಿನ ಹೊತ್ತೇರುವವರೆಗೆ ಸರದಿ ಬದಲಾಗುತ್ತಲೇ ಹೋಯಿತು. ರಸ್ತೆಯಾಚೆಯ ಹಾಸ್ಟೆಲಿನ ಹುಡುಗಿಯರು ಮೊದಲು ಬಾಲ್ಕನಿಯಿಂದ ನೋಡಿದರು, ಆಮೇಲೆ ದಿಂಬು ತಂದರು, ಕೊನೆಗೆ ತಾವೂ ಕಾವಲಿಗೆ ನಿಂತರು. ಎದ್ದವರು ಒಬ್ಬರನ್ನೊಬ್ಬರು ಹೊಸದಾಗಿ ನೋಡುತ್ತಿದ್ದರು. ಒಬ್ಬಳು ಸತ್ತ ಅಜ್ಜಿಯ ಮಾತು ಹೇಳಿಕೊಂಡು ಅತ್ತಳು. ಇನ್ನೊಬ್ಬಳು ಕಾರಣವಿಲ್ಲದೆ ನಕ್ಕಳು. ಶಾಹಿದಾ ಎದ್ದವಳೇ ರಾಜಮಣಿಯ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಅಯ್ಯೋ ಮಾರಾಯ್ತಿ, ನೀನು ನನ್ನ ಮೇಲೆ ಸಿಟ್ಟಾಗಿಲ್ಲ!"

"ಯಾವತ್ತೂ ಆಗಿರಲಿಲ್ಲ ಕಣೇ."

ಬುಧವಾರ ಸಮಿತಿಯ ಸದಸ್ಯರು ಮಲಗಿದ ಹುಡುಗಿಯರ ಕಾಲ ಸಂದಿಯಲ್ಲಿ ದಾರಿ ಹುಡುಕಿಕೊಂಡು ಒಳಗೆ ಹೋದರು. ಅನಸೂಯ ಎದ್ದ ಹುಡುಗಿಯರ ಪಟ್ಟಿಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹೊತ್ತು ಅವರ ಹಿಂದೆ ನಡೆದರು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನೆಟ್ಟಗೆ ನಡೆದರು. ಒಳಗಿನ ಪರದೆಯ ಮೇಲೆ ಒಂದಾದ ಮೇಲೊಂದು ಅಲೆ ಮೂಡಿತು. ಹಸಿ ಹಸಿ ಕನಸಿನ ಅಲೆಗಳು, ಎಲ್ಲವೂ ಒಂದೇ ಹಸಿವಿನವು. ಆಕಸ್ಮಿಕ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹೈಸ್ಕೂಲಿನ ಮಕ್ಕಳ ಹಣೆಗೆ ಪಟ್ಟಿ ಕಟ್ಟುವ ಮಾತು ಅಂದೇ ಬಿದ್ದುಹೋಯಿತು. ಸೀಟು ರದ್ದು ಮಾಡುವ ನಿಯಮವೂ ಹೋಯಿತು, ರಾಜಮಣಿಯ ಸೀಟು ಮರಳಿ ಸಿಕ್ಕಿತು. ಸಮಯಸಿರಿ ಸತ್ತಿತೆಂದಲ್ಲ, ಇಂಥವು ಹೆಸರು ಬದಲಿಸಿಕೊಂಡು ಮತ್ತೆ ಬಂದೇ ಬರುತ್ತವೆ. ಬರಲಿ. ಚಾಪೆಗಳು ಇವೆ.

ಮಂಚದ ಲಾರಿ ಮರಳಿ ಬಂದ ದಿನ ಹುಡುಗಿಯರೇ ಮತ್ತೆ ಕಾಲು ಹಿಡಿದು ಮೂರು ಅಂತಸ್ತು ಮೇಲಕ್ಕೆ ಹೊತ್ತರು. ಇಳಿಸಿದ್ದಕ್ಕಿಂತ ಏರಿಸುವುದು ಕಷ್ಟವಾಗಿತ್ತು. ಯಾರೂ ಬೇಸರಿಸಲಿಲ್ಲ.

*

ಮುಂದಿನ ಬೆಳೆಯ ಹುಳು ಹಣ್ಣಾದಾಗ ರಾಜಮಣಿ ಶಾಹಿದಾಳನ್ನೂ ಕರೆದುಕೊಂಡು ಕೆಬ್ಬೆದೊಡ್ಡಿಗೆ ಹೋದಳು. ಮೈ ಹಳದಿಗೆ ತಿರುಗಿದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಎಂಬ ತಟ್ಟಿಗಳಿಗೆ ಬಿಡಬೇಕು, ತಡವಾದರೆ ನೂಲು ನೆಲದ ಪಾಲು. ಆ ವಾರದಲ್ಲಿ ಹೊಂಬಾಳಮ್ಮ ಕಣ್ಣು ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಅವಳ ಹಣೆಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ, ಅಷ್ಟೇ. ಅವಳ ನಿದ್ದೆಯನ್ನು ಹೊತ್ತ ಲಾರಿ ಮಗಳು ಹುಟ್ಟುವ ಮುಂಚೆಯೇ ಹೊರಟುಹೋಗಿತ್ತು.

"ನಿಮ್ಗ್ಯಾಕವ್ವ ಈ ಕ್ಯಾಮೆ, ಓದೋ ಮಕ್ಳು," ಎಂದು ಗೊಣಗುತ್ತಲೇ ಅವಳು ಶಾಹಿದಾಗೆ ಹುಳು ಹಿಡಿಯುವುದನ್ನು ತೋರಿಸಿದಳು. ಶಾಹಿದಾ ಕಿರುಚಿದಳು, ನಕ್ಕಳು, ಮತ್ತೆ ಹಿಡಿದಳು. ಚಿಕ್ಕತಾಯಮ್ಮನೂ ಬಂದು ಕೂತಳು. ಕೆಲಸ ಸಾಗುತ್ತಿದ್ದ ಹಾಗೆ ಹೊಂಬಾಳಮ್ಮ ಚಂದ್ರಿಕೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂತವಳು, ಕೂತಲ್ಲೇ ತಲೆ ವಾಲಿಸಿದಳು.

ಹೊರಗೆ ಯಾರೋ, "ಹೊಂಬಾಳಕ್ಕಾ!" ಎಂದು ಕೂಗಿದರು. ರಾಜಮಣಿ ಬಾಗಿಲಿಗೆ ಓಡಿ ತುಟಿಯ ಮೇಲೆ ಬೆರಳಿಟ್ಟಳು. ಶಾಹಿದಾ ಹೋಗಿ ಮೇಕೆಯ ಗಂಟೆಗೆ ತನ್ನ ಕರವಸ್ತ್ರ ತುರುಕಿ ಬಂದಳು. ಚಿಕ್ಕತಾಯಮ್ಮ ಮಾತಿಲ್ಲದೆ ಹೊಂಬಾಳಮ್ಮನ ಪಾಲಿನ ತಟ್ಟೆಯನ್ನು ತನ್ನೆಡೆಗೆ ಎಳೆದುಕೊಂಡಳು. ನಿದ್ದೆ ಹೋದವಳ ತಲೆಯ ಮೇಲೆ ಚಂದ್ರಿಕೆಯ ತುಂಬ ಹುಳುಗಳು ತಲೆಯಾಡಿಸುತ್ತ ಎಳೆ ಬಿಡತೊಡಗಿದ್ದವು.

ಮಧ್ಯಾಹ್ನ ಜಾರಿದಾಗ ಹೊಂಬಾಳಮ್ಮನ ಮುಖ ಸಡಿಲಾಯಿತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಅತ್ತಿತ್ತ ಸರಿದಾಡಿದವು. ಅವಳು ನಿದ್ದೆಯಲ್ಲೇ ನಕ್ಕು, ಹೊಸ ಮದುವಣಗಿತ್ತಿಯ ದನಿಯಲ್ಲಿ ಅಂದಳು, "ಬಂದ್ರಾ?"

ಯಾರು ಬಂದರೆಂದು ರಾಜಮಣಿ ಕೇಳಬೇಕಾಗಿರಲಿಲ್ಲ. ಅವಳು ಸದ್ದಾಗದಂತೆ ಎದ್ದು, ಬಿಸಿಲು ಅವ್ವನ ಕಣ್ಣಿಗೆ ಬೀಳದ ಹಾಗೆ ಬಾಗಿಲ ಗೋಣಿಯನ್ನು ಇಳಿಬಿಟ್ಟಳು.